ಮಿತವ್ಯಯ ಚಾರಣದ ಮೂಲಪುರುಷರು: ಒಂದು ಮೀಮಾಂಸೆ

ಗೆಳೆಯರ ಗುಂಪು ಕಟ್ಟಿ, ಕಾಸು ಬಿಚ್ಚದೆ, ಬೆಳಗ್ಗೆ ಗುಡ್ಡ ಹತ್ತಿ ಮಧ್ಯಾಹ್ನ ಗುಹೆ ಹೊಕ್ಕು ಸಂಜೆಗೆ ಮನೆ ಸೇರುವ ಪದ್ಧತಿಯನ್ನು ಈಗಿನ ಕಾಲೇಜು ಹುಡುಗರು ಕಂಡುಹಿಡಿದರೆಂಬ ಭ್ರಮೆ ವಿದ್ವಾಂಸರಲ್ಲೂ ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಕೀರ್ತಿ ಪಾಂಡವರಿಗೇ ಸಲ್ಲಬೇಕು. ಲಾಡ್ಜಿಗೆ ಬಾಡಿಗೆ ಕೊಟ್ಟ ಉಲ್ಲೇಖ ಹದಿನೆಂಟು ಪರ್ವಗಳಲ್ಲಿ ಎಲ್ಲೂ ಇಲ್ಲ. ಹೊರೆ ಹೊರಲು ಭೀಮ, ಗುರಿಯಿಟ್ಟು ಫೋಟೊ ಹೊಡೆಯಲು ಅರ್ಜುನ, ಹಿಂದಿನ ಸೀಟಿಗೆ ನಕುಲ ಸಹದೇವರು. ಇದ್ದ ಹಣವನ್ನೆಲ್ಲ ಹೊರಡುವ ಮೊದಲೇ ಕಳೆದು ಪ್ರವಾಸವನ್ನು ಮಿತವ್ಯಯದ ಹಾದಿಗೆ ತಂದವನು ಧರ್ಮರಾಯ. ದ್ರೌಪದಿ ಸೇರಿದರೆ ಆರು ಮಂದಿಯಾಗಲಿಲ್ಲವೆ ಎಂಬುದು ಪೂರ್ವಪಕ್ಷ. ಐದು ಸೀಟಿನ ಕಾರಿನಲ್ಲಿ ಆರು ಮಂದಿ ಹೋಗುವುದೇ ಈ ಪದ್ಧತಿಯ ಮುಖ್ಯ ಲಕ್ಷಣವೆಂಬುದನ್ನು ಆಕ್ಷೇಪಕರು ಗಮನಿಸಿಲ್ಲ.

ಮೊದಲ ಸಾಕ್ಷ್ಯ ಬಂಟ್ವಾಳ ತಾಲೂಕಿನ ಕಾರಿಂಜ ಬೆಟ್ಟ. ಅಲ್ಲಿ ಭೀಮ ಗದೆ ಎಸೆದದ್ದು ಗದಾತೀರ್ಥ, ಮಂಡಿಯೂರಿದ್ದು ಜಾನುತೀರ್ಥ, ಹೆಬ್ಬೆರಳೂರಿದ್ದು ಅಂಗುಷ್ಠತೀರ್ಥ ಎಂದು ಐತಿಹ್ಯ. ಕೈಯಲ್ಲಿದ್ದುದನ್ನು ಬಿಸಾಡುವುದು, ಮೊಣಕಾಲ ಮೇಲೆ ಕುಸಿಯುವುದು, ಕೊನೆಗೆ ಕಾಲ್ಬೆರಳ ಗಾಯ ನೋಡಿಕೊಳ್ಳುವುದು: ನೀರಿನ ಬಾಟಲಿ ತರದೆ ಬೆಟ್ಟ ಹತ್ತಿದವನ ಅವಸ್ಥೆಯ ಇಷ್ಟು ಕರಾರುವಾಕ್ಕಾದ ದಾಖಲೆ ಬೇರೆಲ್ಲೂ ಸಿಗದು. ಎರಡನೆಯ ಸಾಕ್ಷ್ಯ ಮೂಡುಬಿದಿರೆ ಬಳಿಯ ಮೂಡುಕೊಣಾಜೆ. ಬಂಡೆಗುಡ್ಡದ ಇಳಿಜಾರಿನಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳಿಗೆ ಊರವರು ಹೇಳುವುದು ಪಾಂಡವರ ಮನೆ ಎಂದೇ. 1980ರ ದಶಕದಲ್ಲಿ ಇತಿಹಾಸ ಸಂಶೋಧಕ ಪುಂಡಿಕಾಯಿ ಗಣಪಯ್ಯ ಭಟ್ಟರು ಇಲ್ಲಿ ಒಂಬತ್ತನ್ನು ಗುರುತಿಸಿದ್ದರು. ಈಗ ನೆಟ್ಟಗಿರುವುದು ಎರಡೇ. ಇವು ಬೃಹತ್ ಶಿಲಾಯುಗದ ಸಮಾಧಿಗಳೆಂದು ಪುರಾತತ್ತ್ವಜ್ಞರ ಮತ. ತೀರಾ ಅಗ್ಗದ ಕೋಣೆ ಹಿಡಿದು ಒಂದು ರಾತ್ರಿ ಕಳೆದವರು ಮಾತ್ರ ಮನೆಗೂ ಸಮಾಧಿಗೂ ಅಂಥ ವ್ಯತ್ಯಾಸ ಕಾಣರು.

ಗಟ್ಟಿಯಾದ ಆಕ್ಷೇಪ ಬರುವುದು ಬೆಳ್ತಂಗಡಿಯ ಗಡಾಯಿಕಲ್ಲಿನಿಂದ. ಅದರ ನೆತ್ತಿಯ ಕೋಟೆ ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದದ್ದೆಂದು ಪ್ರತೀತಿ, ಪಾಂಡವರ ಸುಳಿವಿಲ್ಲ. ಆದರೆ ಅದು ಇಂದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದ್ದು, ಹತ್ತುವವರು ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು. ಟಿಕೇಟಿರುವಲ್ಲಿ ಪಾಂಡವರಿರುವುದಿಲ್ಲ ಎಂಬ ನಿಯಮಕ್ಕೆ ಇದು ಬಾಧಕವಲ್ಲ, ಪೋಷಕ. ಇನ್ನು ಎಡಪದವು ಕಡೆಯ ನೆಲ್ಲಿತೀರ್ಥ ಗುಹೆ ಜಾಬಾಲಿ ಋಷಿಯದಲ್ಲವೆ ಎಂದರೆ, ಹೌದು. ಇನ್ನೂರು ಮೀಟರಿನಷ್ಟು ಉದ್ದದ ಆ ಗುಹೆಯಲ್ಲಿ ಕೆಲವೆಡೆ ಮಂಡಿಗೆ ಕೆಸರು ಮೆತ್ತಿಸಿಕೊಂಡು ತೆವಳಲೇಬೇಕು. ಮೇಲಿನಿಂದ ನೆಲ್ಲಿಕಾಯಿ ಗಾತ್ರದ ಹನಿಗಳು ಬೆನ್ನ ಮೇಲೆ ಬೀಳುತ್ತವೆ. ಭೀಮ ಅಲ್ಲಿ ಹಿಡಿಸುತ್ತಿರಲಿಲ್ಲ, ಅವನನ್ನು ಹೊರಗೆ ಕೂರಿಸಿ ಹೋಗುವುದು ಗುಂಪಿಗೆ ಸಲ್ಲದು. ಋಷಿ ಒಬ್ಬರೇ ಹೋದವರು, ಪೆಟ್ರೋಲಿನ ಪಾಲು ಹಂಚುವ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಈ ವಿಷಯದಲ್ಲಿ ಮುಂದೆ ಕ್ಷೇತ್ರಕಾರ್ಯ ಕೈಗೊಳ್ಳುವವರು ನೆಲ್ಲಿತೀರ್ಥದ ಗುಹೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ ತೆರೆದಿರುವುದನ್ನು ನೆನಪಿಡಬೇಕು. ಪಾಲಿನ ಹಣವನ್ನು ಹೊರಡುವ ಮೊದಲೇ ವಸೂಲು ಮಾಡಿಕೊಳ್ಳಬೇಕು.