ಮರುಭೂಮಿ ಟ್ರಯಂಫಿನ ಶುದ್ಧಪಾಠ: ಒಂದು ಗ್ರಂಥಸಂಪಾದನೆ

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಸವಾರರು ಟ್ರಯಂಫ್ ಟಿಆರ್6 ಬೈಕಿನಿಂದ ಬೇಡದ್ದನ್ನೆಲ್ಲ ಕಿತ್ತೆಸೆದು, ಉಳಿದದ್ದನ್ನು ಕಲ್ಲುಮುಳ್ಳೆನ್ನದೆ ಓಡಿಸಿದರು. ಆ ಉಳಿದದ್ದಕ್ಕೆ ‘ಡೆಸರ್ಟ್ ಸ್ಲೆಡ್’ ಎಂದು ಹೆಸರು. ಇಂದು ಅದನ್ನು ಮತ್ತೆ ಕಟ್ಟುವವರ ಮುಂದಿರುವ ಪ್ರಶ್ನೆ: ಯಾವ ಬಿಡಿಭಾಗ ಮೂಲಪಾಠ, ಯಾವುದು ಪ್ರಕ್ಷಿಪ್ತ? ಕವಿಗಳ ಕಾಲನಿರ್ಣಯದಲ್ಲಿ ನೂರು ವರ್ಷ ಹಿಂದುಮುಂದಾದರೂ ವಿದ್ವಾಂಸರು ಕಾಫಿ ಕುಡಿದು ಎದ್ದುಹೋಗುತ್ತಾರೆ. ಇಲ್ಲಿ ಒಂದು ಬೋಲ್ಟು ಎರಡು ವರ್ಷ ಆಚೀಚೆಯಾದರೆ ಮಾತುಕತೆಯೇ ನಿಲ್ಲುತ್ತದೆ.

ಮೊದಲು ಕಾರ್ಬ್ಯುರೇಟರ್ ಪ್ರಕರಣ. 1955ರಲ್ಲಿ ಬಂದ ಅಮಲ್ ಮೊನೊಬ್ಲಾಕ್ 1967-68ರ ಹೊತ್ತಿಗೆ ಅಮಲ್ ಕಾನ್ಸೆಂಟ್ರಿಕ್‌ಗೆ ಜಾಗ ಬಿಟ್ಟಿತು. ಮೊನೊಬ್ಲಾಕ್‌ನಲ್ಲಿ ಪೆಟ್ರೋಲ್ ನಿಲ್ಲುವ ಕೋಣೆ ಪಕ್ಕಕ್ಕಿದೆ. ದುಂಡು ಮುಚ್ಚಳ, ಮೂರು ಸ್ಕ್ರೂ. ಕಾನ್ಸೆಂಟ್ರಿಕ್‌ನಲ್ಲಿ ಆ ಕೋಣೆ ಹೊಟ್ಟೆಯಡಿಗೆ ಇಳಿದಿದೆ. 1964ರ ಬೈಕಿಗೆ ಕಾನ್ಸೆಂಟ್ರಿಕ್ ಕೂರಿಸುವುದೆಂದರೆ ಪಂಪನ ಬಾಯಲ್ಲಿ ಭಾಮಿನಿ ಷಟ್ಪದಿ ಹೇಳಿಸಿದಂತೆ. ಮೊನೊಬ್ಲಾಕ್ ಸೋರುತ್ತದೆಯಲ್ಲ ಎಂಬ ಆಕ್ಷೇಪವುಂಟು. ಸೋರುವುದೇ ಪ್ರಾಮಾಣ್ಯದ ಲಕ್ಷಣ. ಸೋರದ ಮೊನೊಬ್ಲಾಕ್ ಕಂಡರೆ ಅದು ಇತ್ತೀಚಿನ ಲಿಪಿಕಾರನ ಕೈವಾಡವೆಂದು ತಿಳಿಯತಕ್ಕದ್ದು.

ಬೋಲ್ಟುಗಳ ವಿಷಯ ಇನ್ನೂ ಜಟಿಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಮಂಡಿಸಿದ, ಈ ಇಂಗ್ಲಿಷ್ ಬೈಕಿನ ಕೇಸಿನಲ್ಲೂ ಇರುವ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ ಗ್ಯಾರೇಜಿನಲ್ಲಿ ಸಿಗುವ ಬೋಲ್ಟಿನದು 60. ಬರಿಗಣ್ಣಿಗೆ ಭೇದ ಕಾಣದು. ತಪ್ಪು ಬೋಲ್ಟು ಮೊದಲ ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಸ್ಪ್ಯಾನರಿಗೆ ಇನ್ನಷ್ಟು ಬಲ ಹಾಕಿದರೆ ಅಲ್ಯೂಮಿನಿಯಂ ಕೇಸಿನೊಳಗಿನ ಥ್ರೆಡ್ ಪುಡಿಯಾಗಿ ಉದುರುತ್ತದೆ. ಈ ಪುಡಿಯೂ 1960ರ ದಶಕದ್ದೇ ಆದ್ದರಿಂದ ಡಬ್ಬಿಯಲ್ಲಿ ತೆಗೆದಿಡುವವರಿದ್ದಾರೆ.

ಬೇಟ್ಸ್ ಸೀಟು, ಫ್ಲ್ಯಾಂಡರ್ಸ್ ಹ್ಯಾಂಡಲ್‌ಬಾರುಗಳ ಬಗ್ಗೆ ವಿವಾದವಿಲ್ಲ. ಆದ್ದರಿಂದ ಪ್ರಸ್ತುತ ಸಂಶೋಧನೆಗೆ ಅವು ಅನರ್ಹ.

ಈ ಸಂಪ್ರದಾಯದ ಹೆಸರಾಂತರು ಸ್ಟಂಟ್ ಸವಾರ ಬಡ್ ಎಕಿನ್ಸ್ ಮತ್ತು ಹಾಲಿವುಡ್ ನಟ ಸ್ಟೀವ್ ಮೆಕ್ವೀನ್. 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದಲ್ಲಿ ತಂತಿಬೇಲಿ ಹಾರಿದ್ದು ಮೆಕ್ವೀನ್ ಎಂದು ಲೋಕ ನಂಬಿದೆ, ಹಾರಿದವರು ಎಕಿನ್ಸ್. ಕಥೆ ಎರಡನೇ ಮಹಾಯುದ್ಧದ್ದು, ಬೈಕು ಜರ್ಮನ್ ಸೇನೆಯದು. ಹಾರಿದ ಬೈಕು ಮಾತ್ರ ಅರವತ್ತರ ದಶಕದ ಇಂಗ್ಲಿಷ್ ಟ್ರಯಂಫ್, ಮೇಲೆ ಸೇನೆಯ ಬಣ್ಣ. ಕಾಲಶುದ್ಧಿಯ ಪಂಥದವರು ಗ್ಯಾರೇಜಿನ ಗೋಡೆಗೆ ತೂಗುಹಾಕಿಕೊಂಡಿರುವುದು ಇದೇ ದೃಶ್ಯವನ್ನು. ಮೆಕ್ವೀನ್ ಸ್ವಂತಕ್ಕೆ ಕಟ್ಟಿಸಿಕೊಂಡ ಮರುಭೂಮಿ ಬೈಕಂತೂ ಸಂಪಾದಕರಿಗೆ ದುಃಸ್ವಪ್ನ: ಚೌಕಟ್ಟು ಇಂಗ್ಲೆಂಡಿನ ರಿಕ್‌ಮನ್ ಸೋದರರದು, ಎಂಜಿನ್ ಟ್ರಯಂಫಿನದು, ಮುಂದಿನ ಫೋರ್ಕು ಇಟಲಿಯ ಚೆರಿಯಾನಿ. ಈ ಹಸ್ತಪ್ರತಿ ಯಾವ ಶಾಖೆಗೆ ಸೇರಬೇಕು?

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. ಆ ಕಾಲದ ಸವಾರರು ಕೈಗೆ ಸಿಕ್ಕ ಭಾಗವನ್ನು ಬಿಗಿದುಕೊಂಡು ಭಾನುವಾರದ ರೇಸಿಗೆ ಹೊರಟವರು. ಹಾಗಾಗಿ ಇವತ್ತು ಕೈಗೆ ಸಿಕ್ಕಿದ್ದನ್ನು ಬಿಗಿಯುವವನೇ ನಿಜವಾದ ಸಂಪ್ರದಾಯಸ್ಥ ಎಂಬುದು ವಾದ. ಇದು ತರ್ಕಬದ್ಧವಾಗಿದೆ, ಸಾಕ್ಷ್ಯವೂ ಇದೆ. ಆದರೂ ಒಪ್ಪತಕ್ಕದ್ದಲ್ಲ, ಒಪ್ಪಿದರೆ ನಮ್ಮ ವಿಭಾಗ ಮುಚ್ಚಬೇಕಾಗುತ್ತದೆ.

ಉಳಿದದ್ದು ಹೊಗೆ. ‘ಹೇರ್ ಅಂಡ್ ಹೌಂಡ್’ ಎಂಬ ಮರುಭೂಮಿ ರೇಸಿನ ಆರಂಭದಲ್ಲಿ ದಾರಿಯಿರುತ್ತಿರಲಿಲ್ಲ. ದೂರದಲ್ಲಿ ಹಳೇ ಟೈರು ಸುಟ್ಟು ಎಬ್ಬಿಸಿದ ಕಪ್ಪು ಹೊಗೆಯ ಜಾಡು ಹಿಡಿದು ನೂರಾರು ಸವಾರರು ಒಟ್ಟಿಗೇ ನುಗ್ಗುತ್ತಿದ್ದರು. ಆ ಟೈರು ಡನ್‌ಲಪ್ಪೋ, ಯಾರದೋ ಲಾರಿಯದೋ? ಪ್ರಯೋಗಕ್ಕಾಗಿ 1966ಕ್ಕಿಂತ ಹಿಂದಿನ ಟೈರೊಂದನ್ನು ಸುಡಲು ಅನುದಾನ ಕೋರಿ ಸಲ್ಲಿಸಿದ ಕಡತ, ‘ಮೂರು ಕೊಟೇಶನ್ ಲಗತ್ತಿಸಿ’ ಎಂಬ ಷರಾದೊಡನೆ ವಾಪಸು ಬಂದಿದೆ.