ನಾಲ್ಕನೇ ಟ್ರ್ಯಾಕಿನಲ್ಲಿ ಕೂತ ಕನ್ನಡದವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಆಡಿಯೋ ಟ್ರ್ಯಾಕ್‌ನವರೇ,

ತೆಂಗಿನಗುಂಡಿ ಬಂದರಿನಿಂದ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ತಮಗೆ ಗೊತ್ತಿರಬಹುದು. ಬೋಟು ದಡದಲ್ಲಿ, ಬಲೆ ಶೆಡ್ಡಿನಲ್ಲಿ, ಬಲೆ ರಿಪೇರಿ ಮಾಡುವವರ ಎದುರು ಕಂಬಕ್ಕೆ ಕಟ್ಟಿದ ಒಂದು ಮೊಬೈಲು. ಅದರಲ್ಲೊಂದು ತೆಲುಗು ಸಿನಿಮಾ. ಪೆನ್‌ಡ್ರೈವಿನಲ್ಲಿ ಬಂದದ್ದು, ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಖಾರ್ವಿಯವರ ಕೊಂಕಣಿ, ಮೊಗೇರರ ಕನ್ನಡ, ಭಟ್ಕಳ ಪೇಟೆಯ ನವಾಯತಿ ಎಲ್ಲ ಓಡಾಡುವ ಜಾಗ ಇದು. ಆದರೂ ಆ ಫೋನು ಬಾಯಿ ಬಿಟ್ಟದ್ದು ಹಿಂದಿಯಲ್ಲಿ. "ಕನ್ನಡದಲ್ಲಿ ಇದ್ಯಾ ನೋಡೋ ಮಾರಾಯ" ಎಂದರು ಒಬ್ಬರು. "ಇರ್ಲಿ ಬಿಡು, ಅರ್ಥ ಆಗ್ತದಲ್ಲ" ಎಂದರು ಇನ್ನೊಬ್ಬರು. ಬಲೆಯ ಕಣ್ಣು ಬಿಟ್ಟು ಮೇಲೇಳುವ ಮನಸ್ಸು ಯಾರಿಗೂ ಇರಲಿಲ್ಲ. ತಾವೋ, ಅದೇ ಫೈಲಿನಲ್ಲಿ ತೆಲುಗು, ಹಿಂದಿ, ತಮಿಳಿನ ಹಿಂದೆ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾಯುವ ಬಡ ನೆಂಟರ ಹಾಗೆ ಕೂತೇ ಇದ್ದಿರಿ. ಎಂಥ ವಿನಯ!

ತಮ್ಮನ್ನು ಕರೆಯುವುದು ಕಷ್ಟವೇನಲ್ಲ. ಎಂಕೆವಿ ಫೈಲಿನಲ್ಲಿ ಚಿತ್ರ ಒಂದೇ, ದನಿ ಎಷ್ಟು ಬೇಕಾದರೂ ಇಡಬಹುದು. ಫೈಲು ಕಟ್ಟಿದವನು ಯಾವುದಕ್ಕೆ ಡೀಫಾಲ್ಟ್ ಗುರುತು ಹಾಕಿದನೋ ಅದು ಮೊದಲು ಮಾತಾಡುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಮಾತಿನ ಗುಳ್ಳೆಯ ಚಿಹ್ನೆ ಒತ್ತಿದರೆ ಪಟ್ಟಿ ಬರುತ್ತದೆ. ಕಂಪ್ಯೂಟರಿನಲ್ಲಿ 'ಬಿ' ಒತ್ತುತ್ತ ಹೋದರೆ ಒಂದೊಂದೇ ಭಾಷೆ ಬದಲಾಗುತ್ತದೆ. ಆದರೆ ಎಷ್ಟೋ ಫೈಲುಗಳಲ್ಲಿ ತಮಗೆ ಹೆಸರೇ ಇಲ್ಲ, 'ಟ್ರ್ಯಾಕ್ 4' ಅಷ್ಟೆ. ಕೆಲವೊಮ್ಮೆ ಕರೆದರೂ ನಾಯಕನ ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ದನಿಯನ್ನು ಡಾಲ್ಬಿಯವರ ಇಎಸಿ3 ರೂಪದಲ್ಲಿ ತುಂಬಿ, ಪ್ಲೇಯರಿಗೆ ಅದನ್ನು ಬಿಚ್ಚುವ ಪರವಾನಗಿ ಇಲ್ಲದಿದ್ದರೆ ಹೀಗಾಗುತ್ತದೆ. ಪ್ಲೇಯರ್ ಬದಲಿಸಬೇಕು. ಅಷ್ಟು ಮಾಡುವುದಕ್ಕಿಂತ ಹಿಂದಿ ಕಲಿಯುವುದು ಸುಲಭ ಎಂದು ನಮ್ಮವರು ಎಂದೋ ತೀರ್ಮಾನಿಸಿದ್ದಾರೆ.

ಕಲಿಸಿದವರು ಯಾರು ಸ್ವಾಮಿ? ತಮ್ಮ ಹಿತೈಷಿಗಳೇ. 1960ರ ದಶಕದಲ್ಲಿ ಅನಕೃ, ರಾಜ್‌ಕುಮಾರ್ ಮುಂತಾದವರು ಡಬ್ಬಿಂಗ್ ಬೇಡ ಎಂದು ನಿಂತಾಗ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರರಂಗ ಆಗಿನ್ನೂ ಮದ್ರಾಸಿನ ಸ್ಟುಡಿಯೋಗಳ ನೆರಳಿನಲ್ಲಿತ್ತು. ಡಬ್ಬಿಂಗ್ ಚಿತ್ರಗಳು ಬಂದರೆ ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನ ಹೋಗುತ್ತದೆ ಎಂಬ ಭಯ ಸುಳ್ಳಾಗಿರಲಿಲ್ಲ. ಆದರೆ ಆ ಬೇಲಿ ಅರ್ಧ ಶತಮಾನ ನಿಂತಿತು, ಅದೂ ಕಾನೂನೇ ಇಲ್ಲದೆ. ಬೇಲಿಯೊಳಗಿನ ಪ್ರೇಕ್ಷಕರು ಸುಮ್ಮನೆ ಕೂರಲಿಲ್ಲ. ಹಿಂದಿಯನ್ನು ಹಿಂದಿಯಲ್ಲೇ, ತೆಲುಗನ್ನು ತೆಲುಗಿನಲ್ಲೇ, ತಮಿಳನ್ನು ತಮಿಳಿನಲ್ಲೇ ನೋಡಿದರು. ಕನ್ನಡವನ್ನು ಉಳಿಸಲು ಕನ್ನಡಿಗರಿಗೆ ಉಳಿದೆಲ್ಲ ಭಾಷೆ ಕಲಿಸಿದ ಯೋಜನೆ ಪ್ರಪಂಚದಲ್ಲಿ ಬೇರೆಲ್ಲಾದರೂ ಇದ್ದರೆ ತಿಳಿಸಿ.

2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದದ್ದಕ್ಕೆ, ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವರಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ ಕನ್ನಡಕ್ಕೆ ಡಬ್ ಆಗಿ 'ಸತ್ಯದೇವ್ ಐಪಿಎಸ್' ಹೆಸರಲ್ಲಿ ಬಂದಾಗ ಪ್ರತಿಭಟನೆಯೂ ಜತೆಗೇ ಬಂತು. 2022ರ 'ಆರ್‌ಆರ್‌ಆರ್'ಗೆ ಜೂನಿಯರ್ ಎನ್‌ಟಿಆರ್, ರಾಮ್‌ಚರಣ್ ಕನ್ನಡಕ್ಕೂ ತಾವೇ ದನಿ ಕೊಟ್ಟರು. ಇಷ್ಟು ಹೋರಾಡಿ ಒಳಗೆ ಬಂದ ತಾವು ಕಡೆಗೆ ಕೂತದ್ದು ನಾಲ್ಕನೇ ನಂಬರಿನಲ್ಲಿ, ಅದೂ ಯಾರಾದರೂ ಬೆರಳಿಟ್ಟರೆ ಮಾತ್ರ.

ತಮ್ಮ ತಂಗಿ, ಸಬ್‌ಟೈಟಲ್, ತಮಗಿಂತ ಸಂಕೋಚದವಳು. 'ಕಾಂತಾರ'ದ ಮಾತು ನಮಗೆ ಬೈಂದೂರಿನ ಆಚೆಯ ನೆರೆಮನೆಯ ಮಾತು. ಬೆಂಗಳೂರಿನ ಕೆಲವರು ಮಾತ್ರ ಕೆಳಗಿನ ಇಂಗ್ಲಿಷ್ ಓದಿ ಕುಂದಾಪುರ ಕನ್ನಡ ಅರ್ಥ ಮಾಡಿಕೊಂಡರಂತೆ. ನಮ್ಮ ಓಣಿಯಲ್ಲಿ ಕಿವಿ ಮಂದವಾದ ಹಿರಿಯರೊಬ್ಬರಿದ್ದಾರೆ. ದಿನಾ ಪೇಪರನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಅವರಿಗಾಗಿ ಕನ್ನಡ ಸಿನಿಮಾಕ್ಕೆ ಕನ್ನಡ ಅಕ್ಷರ ಹುಡುಕಿದರೆ ಸಿಗುವುದು ಬಹುತೇಕ ಇಂಗ್ಲಿಷೇ. ಅಹಮದಾಬಾದ್ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಿಂದ ಹೇಳುತ್ತಲೇ ಇದ್ದಾರೆ: ಟಿವಿಯ ಸಿನಿಮಾ ಹಾಡಿಗೆ ಹಾಡಿನ ಭಾಷೆಯಲ್ಲೇ ಅಕ್ಷರ ಹಾಕಿ, ಜನ ಓದುವುದನ್ನೂ ಕಲಿಯುತ್ತಾರೆ ಎಂದು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಸಚಿವಾಲಯ ಕಿವಿ, ಕಣ್ಣಿನ ತೊಂದರೆ ಇರುವವರಿಗಾಗಿ ಚಿತ್ರಮಂದಿರಗಳಿಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಮಾರ್ಗವೂ ಇದೆ, ಸೂಚಿಯೂ ಇದೆ.

ಆ ಹಿರಿಯರಿಗೆಂದು ಒಬ್ಬ ಕಾಲೇಜು ಹುಡುಗ ಒಂದು ಹಾಸ್ಯ ಚಿತ್ರಕ್ಕೆ ತಾನೇ ಕನ್ನಡ ಅಕ್ಷರ ಕೂರಿಸತೊಡಗಿದ್ದಾನೆ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲು ಎಂದರೆ ಬರೀ ಪಠ್ಯ: ಕ್ರಮಸಂಖ್ಯೆ, ಮಾತು ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತು, ಒಂದು ಖಾಲಿ ಸಾಲು. ಯುಟಿಎಫ್-8ರಲ್ಲಿ ಉಳಿಸದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು. ವೀಡಿಯೋ ಫೈಲಿನ ಹೆಸರನ್ನೇ ಇಟ್ಟು ಅದೇ ಫೋಲ್ಡರಿನಲ್ಲಿ ಹಾಕಿದರೆ ವಿಎಲ್‌ಸಿ ತಾನಾಗಿ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ ಬರೆದದ್ದನ್ನು 23.976ರ ಪ್ರತಿಗೆ ಹಾಕಿದರೆ ಮಾತ್ರ ಎರಡು ಗಂಟೆಯಲ್ಲಿ ಸುಮಾರು 5 ನಿಮಿಷ ಜಾರಿ, ನಾಯಕಿ ಅಳುವ ಹೊತ್ತಿಗೆ ಕೆಳಗೆ ಮುಂದಿನ ದೃಶ್ಯದ ನಗೆಹನಿ ಬಂದಿರುತ್ತದೆ. ಹಿರಿಯರು ಈಗಾಗಲೇ ಮೊದಲರ್ಧ ನೋಡಿ, ಕಾಗುಣಿತದ ತಪ್ಪುಗಳನ್ನು ಪೆನ್ನಿನಲ್ಲಿ ಬರೆದು ಕಳಿಸಿದ್ದಾರೆ.

ಇಂತಿ,
ಬಂದರಿನ ಒಬ್ಬ ಪ್ರೇಕ್ಷಕ

ವಿ.ಸೂ.: ವಿಎಲ್‌ಸಿಯ ಸೆಟ್ಟಿಂಗ್ಸಿನಲ್ಲಿ ಆದ್ಯತೆಯ ಆಡಿಯೋ ಭಾಷೆ ಎಂಬಲ್ಲಿ ಕನ್ನಡವನ್ನು ಆರಿಸಿದರೆ, ಹೆಸರಿರುವ ಫೈಲುಗಳಲ್ಲಿ ತಾವೇ ಮೊದಲು ಮಾತಾಡುತ್ತೀರಿ. ಆಗಸ್ಟ್ 1ರ ಮೊದಲು ಶೆಡ್ಡಿನ ಫೋನುಗಳಿಗೆಲ್ಲ ಹಾಗೆ ಮಾಡಿಡುತ್ತೇವೆ. ಬೋಟು ನಡೆಸುವ ನಮ್ಮ ತಾಂಡೇಲರ ಫೋನು ಮಾತ್ರ ಮುಟ್ಟುವಂತಿಲ್ಲ. ವಿಲನ್ನಿನ ಬೈಗುಳ ಹಿಂದಿಯಲ್ಲೇ ಗಟ್ಟಿಯಂತೆ.