ನುಶಿ ಅಂದರೆ ಯಾವ ನುಶಿ?

ಮಳೆಗಾಲ ಕಾಲಿಟ್ಟು ಹವಾ ಹಸಿಯಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಒಂದೇ ಮಾತು: ನುಶಿ ಹತ್ತ್ಯಾವ! ಜೋಳಕ್ಕೆ ಹತ್ತಿದರೂ ನುಶಿ, ಕಡಲೆಗೆ ಹತ್ತಿದರೂ ನುಶಿ, ಗೋಧಿ ಹಿಟ್ಟಿನಲ್ಲಿ ಓಡಾಡಿದರೂ ನುಶಿ, ಅರಿಷಿಣದ ಕೊಂಬಿಗೆ ತೂತು ಬಿದ್ದರೂ ನುಶಿಯೇ. ಹಿಡಿದು ನೋಡುವ ಪುರುಸೊತ್ತು ಯಾರಿಗಿದೆ? ಸಾಣಿಗಿ ಹಿಡಿದು ಜಾಡಿಸಿ ಅಂಗಳಕ್ಕೆ ಚೆಲ್ಲಿದರೆ ಕೋಳಿ ಹೆಕ್ಕಿ ಮುಗಿಸುತ್ತವೆ, ಅಲ್ವಾ? ಆದರೆ ಆ ಎರಡು-ಮೂರು ಮಿಲಿಮೀಟರಿನ ಜೀವವನ್ನು ಒಂದು ಸಲ ಬಿಳಿ ತಾಟಿನಲ್ಲಿ ಹಾಕಿ, ಭೂತಗನ್ನಡಿ ಹಿಡಿದು ನೋಡಿದವರಿಗೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಲು ಮನಸ್ಸು ಬರುವುದಿಲ್ಲ.

ಬೇಲಿಯಾಚೆಯ ವೈನಿ ಒಂದು ದಿನ ಪರಾತದ ತುಂಬ ಅರಿಷಿಣದ ಕೊಂಬು ತಂದು, "ನೋಡ್ರಿ, ಅರಿಷಿಣಕ್ಕೂ ನುಶಿ ಹತ್ತೂದಂದ್ರ ಏನ್ರಿ? ಗಾಯಕ್ಕ ಹಚ್ಚಿದ್ರ ಕೀವು ಆಗೂದಿಲ್ಲ ಅಂತೀವಿ, ಇವು ಅದನ್ನ ತಿಂದು ಸಂಸಾರ ಹೂಡ್ಯಾವ!" ಅಂದರು. ನ್ಯಾಯವಾದ ಮಾತು. ಕೊಂಬಿನ ಮೈತುಂಬ ಗುಂಡಗಿನ ಸಣ್ಣ ತೂತು, ತಟ್ಟಿದರೆ ಹಳದಿ ಪುಡಿ, ಪುಡಿಯೊಳಗೆ ಒಂದು ಕಂದು ಹುಳು. ಬೆರಳು ತಾಗಿದ್ದೇ ತಡ, ಕಾಲು ಮಡಚಿಕೊಂಡು ಸತ್ತವರ ಹಾಗೆ ಬಿದ್ದುಬಿಟ್ಟಿತು. ಮೇಲಿನಿಂದ ನೋಡಿದರೆ ತಲೆಯೇ ಕಾಣುವುದಿಲ್ಲ. ಸೆರಗು ಮುಂದಕ್ಕೆಳೆದುಕೊಂಡ ಹೊಸ ಸೊಸೆಯ ಹಾಗೆ ಮುಖವನ್ನು ಕೆಳಗೆ ಅಡಗಿಸಿಕೊಂಡಿರುತ್ತದೆ. ಅಲುಗಾಡದೆ ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಮೆಲ್ಲಗೆ ಮೀಸೆ ಹೊರಗೆ ಚಾಚುತ್ತದೆ ನೋಡಿ, ಗುರುತು ಸಿಗುವುದು ಅಲ್ಲೇ.

ಮೀಸೆಯ ಗೆಣ್ಣು ಒಂದೊಂದೂ ಗರಗಸದ ಹಲ್ಲಾಗಿ ಚೂಪಾಗಿದ್ದು, ಬೆನ್ನು ನುಣುಪಾಗಿದ್ದರೆ ಅದು ಲ್ಯಾಸಿಯೋಡರ್ಮಾ ಸೆರಿಕಾರ್ನೆ. ಇಂಗ್ಲಿಷಿನವರು ಸಿಗರೇಟ್ ಬೀಟಲ್ ಅನ್ನುತ್ತಾರೆ. ಮೀಸೆಯ ತುದಿಯ ಮೂರು ಗೆಣ್ಣು ಮಾತ್ರ ದೊಡ್ಡದಾಗಿದ್ದು, ಬೆನ್ನಿನ ಗಟ್ಟಿ ರೆಕ್ಕೆಯ ಮೇಲೆ ಉದ್ದುದ್ದ ಗೆರೆ ಎದ್ದಿದ್ದರೆ ಸ್ಟೆಗೋಬಿಯಂ ಪ್ಯಾನಿಸಿಯಂ, ಡ್ರಗ್‌ಸ್ಟೋರ್ ಬೀಟಲ್. ಎರಡನೆಯದಕ್ಕೆ 1758ರಲ್ಲೇ ಲಿನಿಯಸ್ ಹೆಸರಿಟ್ಟ. ಮೊದಲನೆಯದಕ್ಕೆ 1792ರಲ್ಲಿ ಅವನ ಶಿಷ್ಯ ಫ್ಯಾಬ್ರೀಷಿಯಸ್. ಎರಡೂ ಒಂದೇ ಮನೆತನದವು. ಹಳೆಯ ಪುಸ್ತಕಗಳಲ್ಲಿ ಆ ಮನೆತನ ಅನೋಬಿಡೇ, ಈಗಿನವರು ಅದನ್ನು ಪ್ಟಿನಿಡೇ ಕುಟುಂಬಕ್ಕೆ ಸೇರಿಸಿದ್ದಾರೆ. ಬಣ್ಣ ಅದೇ, ಗಾತ್ರ ಅದೇ, ತಲೆ ತಗ್ಗಿಸುವ ರೀತಿಯೂ ಅದೇ. ಮೀಸೆ, ಗೆರೆ ನೋಡದಿದ್ದರೆ ದೇವರಾಣೆ ತಿಳಿಯುವುದಿಲ್ಲ. ವೈನಿಯ ಪರಾತದಲ್ಲಿದ್ದದ್ದು ಗರಗಸದ ಮೀಸೆಯದು.

ಇದರ ಊಟದ ಸಂಗತಿ ಕೇಳಬೇಕು ನೀವು. ನಿಪ್ಪಾಣಿಯ ಬೀಡಿ ತಂಬಾಕು, ಸಂಕೇಶ್ವರದ ಮೆಣಸಿನಕಾಯಿ, ನಮ್ಮ ಗೋಕಾಕದ ಅರಿಷಿಣ, ಈ ಮೂರರಲ್ಲಿ ಯಾವುದನ್ನು ಕೊಟ್ಟರೂ ಬೇಡ ಅನ್ನುವುದಿಲ್ಲ. ತಿನ್ನುವುದೆಲ್ಲ ಮರಿಹುಳು, ಮೈಮೇಲೆ ಕೂದಲಿರುವ, ಬಾಗಿದ ಬಿಳಿ ಮರಿ. ದೊಡ್ಡದಾಗಿ ರೆಕ್ಕೆ ಬಂದ ಮೇಲೆ ಹೆಚ್ಚೇನೂ ಮುಟ್ಟುವುದಿಲ್ಲ. ಇಂಥ ಘಾಟು ಹೇಗೆ ಅರಗೀತು ಅಂದರೆ, ಅದರ ಕರುಳಿನ ಪಕ್ಕದಲ್ಲಿ ಸಣ್ಣ ಚೀಲಗಳಿವೆ, ಅದರೊಳಗೆ ಒಂದು ಜಾತಿಯ ಯೀಸ್ಟ್ ವಾಸ. ಬಿ ಜೀವಸತ್ವ ಒದಗಿಸುವುದೂ ಅದೇ, ಗಿಡದ ವಿಷ ಮುರಿಯುವುದಕ್ಕೆ ನೆರವಾಗುವುದೂ ಅದೇ. ತಾಯಿ ಹುಳು ಮೊಟ್ಟೆ ಇಡುವಾಗ ಆ ಯೀಸ್ಟನ್ನು ಮೊಟ್ಟೆಯ ಮೇಲೆ ಸವರುತ್ತದೆ. ಮರಿ ಸಿಪ್ಪೆ ಕಡಿದು ಹೊರಗೆ ಬರುವಾಗ ಅದೂ ಹೊಟ್ಟೆಗೆ ಹೋಗುತ್ತದೆ. ಇಷ್ಟು ಸಣ್ಣ ಜೀವಕ್ಕೆ ಎಂಥ ಏರ್ಪಾಟು, ಅಲ್ವಾ?

ತಂಬಾಕಿನ ರುಚಿ ಅದಕ್ಕೆ ಹತ್ತಿದ್ದು ಈಚೆಗೆ. ಈಜಿಪ್ಟಿನ ತುತಂಖಾಮನ್ ರಾಜನ ಗೋರಿಯಲ್ಲಿ ಇದೇ ಹುಳು ಸಿಕ್ಕಿದೆ. ಆ ಗೋರಿಗೆ 3,300 ವರ್ಷದ ಮೇಲಾಯಿತು. ತಂಬಾಕು ಅಮೆರಿಕ ಬಿಟ್ಟು ಹೊರಬಿದ್ದು ಇನ್ನೂ 500 ವರ್ಷ ಚಿಲ್ಲರೆ. ಅಂದರೆ ನಿಪ್ಪಾಣಿಯಲ್ಲಿ ತಂಬಾಕು ಒಣಗುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಹುಳು ರಾಜರ ಸರಕಿನಲ್ಲಿ ಸೇರಿಕೊಂಡಿತ್ತು.

"ಮೊದಲ ಇಷ್ಟ್ ನುಶಿ ಇರ್ತಿದ್ದಿಲ್ರಿ, ಎಲ್ಲಾ ಹಗೇವಿನಾಗ ಇಡ್ತಿದ್ರು" ಅಂದರು ವೈನಿಯ ಮಾವ, ಕಟ್ಟೆಯ ಮೇಲೆ ಕೂತಲ್ಲಿಂದಲೇ. ಅವರ ಮಾತಿಗೆ ನನಗೂ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತೆಗೆಯುವ ದಿನಗಳು ನೆನಪಾದವು. ಬಾಯಿ ಮೇಲಿನ ಮಣ್ಣು ಸರಿಸಿ, ಚಪ್ಪಡಿ ಎತ್ತಿ, ಅರ್ಧ ದಿನ ಹಾಗೇ ಬಿಡಬೇಕು; ಹುಡುಗರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಕೆಳಗೆ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಗಾಳಿ ಕೆಟ್ಟು ಹೋಗಿರುತ್ತದೆ. ಹುಳು ಸಾಯುವುದು ಅದರಿಂದಲೇ, ಇಳಿದ ಮನುಷ್ಯನೂ ಸತ್ತಾನು. ಸಾಂಗಲಿ ಪಕ್ಕದ ಹರಿಪುರದಲ್ಲಿ ಅರಿಷಿಣವನ್ನೇ ಹೀಗೆ ನೆಲದೊಳಗೆ ಇಡುತ್ತಿದ್ದರು. ಹೊಟ್ಟೆಗೆ ಔಷಧಿ ಸೇರದೆ ಕಾಳು ಉಳಿಸುವ ಇಂಥ ಜಾಣತನಕ್ಕೆ ಕೈ ಮುಗಿಯಬೇಕು.

ಆದರೆ ಹಗೇವಿನ ಜೋಳಕ್ಕೆ ಹತ್ತುತ್ತಿದ್ದ ನುಶಿಯೇ ಬೇರೆ. ಅದಕ್ಕೆ ಉದ್ದನೆಯ ಸೊಂಡಿಲು, ಬೆನ್ನ ಮೇಲೆ ನಾಲ್ಕು ಕೆಂಪುಮಿಶ್ರಿತ ಚುಕ್ಕೆ. ಹೆಣ್ಣು ಸೊಂಡಿಲಿನಿಂದ ಕಾಳು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಬಾಯಿ ಮುಚ್ಚಿಬಿಡುತ್ತದೆ. ಸಾಣಿಸಿದರೆ ಹೊರಗೆ ಓಡಾಡುವವು ಬಿದ್ದಾವು, ಕಾಳಿನ ಹೊಟ್ಟೆಯೊಳಗಿನವು ಹಾಗೇ ಉಳಿದು ತಿಂಗಳೊಪ್ಪತ್ತಿನಲ್ಲಿ ಹೊರಬೀಳುತ್ತವೆ. ಇದರಲ್ಲೂ ಎರಡು ಜಾತಿ: ಲಿನಿಯಸ್ 1763ರಲ್ಲಿ ಹೆಸರಿಸಿದ ಸೈಟೋಫಿಲಸ್ ಒರೈಜೆ, 1855ರಲ್ಲಿ ಮೊಚುಲ್ಸ್ಕಿ ಹೆಸರಿಸಿದ ಸೈಟೋಫಿಲಸ್ ಜಿಯಾಮೇಸ್. ನಮ್ಮ ಗೊಂಜಾಳದ ಚೀಲದಲ್ಲಿ ಎರಡೂ ಇರಬಹುದು. ನೂರು ವರ್ಷ ಪಂಡಿತರೇ ಒಂದನ್ನು ಇನ್ನೊಂದೆಂದು ಎಣಿಸುತ್ತ ಬಂದರು. ಹೊರಗಿನ ಚುಕ್ಕೆ, ಗಾತ್ರ ನಂಬುವಂತಿಲ್ಲ. ಗಂಡು ಹುಳುವನ್ನು ಬಿಡಿಸಿ ಜನನಾಂಗ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟರೆ ಒರೈಜೆಯದು ನುಣುಪು, ಜಿಯಾಮೇಸ್‌ದರ ಮೇಲೆ ಉದ್ದಕ್ಕೆ ಎರಡು ಗೀರು. 1961ರಲ್ಲಿ ಕುಶೆಲ್ ಎಂಬ ಸೊಂಡಿಲು ಹುಳುಗಳ ತಜ್ಞರು ಹೆಸರುಗಳ ಈ ಗೋಜಲು ಬಿಡಿಸಿದ ಮೇಲೆ ಜಗಳ ಮುಗಿಯಿತು. ಜೋಳದ ಕಾಳಿಗಿಂತ ಸಣ್ಣ ಹುಳು, ಅದರೊಳಗಿನ ಗೀರು! ಆ ತಾಳ್ಮೆಗೆ ಏನಂತೀರಿ?

ಜೋಳದ ಡಬ್ಬಿಯಲ್ಲಿ ಚಪ್ಪಟೆಯಾದ ಕೆಂಪು ಹುಳು ಕಂಡರೆ ಅದು ಹಿಟ್ಟಿನ ಹುಳು, ಟ್ರೈಬೋಲಿಯಂ. ಗಟ್ಟಿ ಕಾಳು ಒಡೆಯುವ ಶಕ್ತಿ ಅದಕ್ಕಿಲ್ಲ. ಯಾರೋ ಮೊದಲೇ ಕಾಳು ಮುಕ್ಕಿದ್ದಾರೆ, ನುಚ್ಚು ಉದುರಿದೆ, ಇದು ಆಮೇಲೆ ಬಂದಿದೆ ಎಂದೇ ಅರ್ಥ.

"ಯಾವುದಾದ್ರೇನ್ರಿ, ಬಿಸಲಿಗೆ ಹಾಕಿದ್ರ ಮುಗೀತು" ಅಂದರು ವೈನಿ. ಬಿಸಿಲು ಒಳ್ಳೆಯದೇ. ಅರಿಷಿಣ ಮುರಿದರೆ ಕಟ್ ಅಂತ ಸಪ್ಪಳ ಬರುವಷ್ಟು ಒಣಗಬೇಕು, ಒಣಗಿದ್ದಕ್ಕೆ ಹುಳುವಿನ ಕಾಟ ಕಡಿಮೆ. ಆದರೆ ಗೋದಾಮು ಇಟ್ಟವರಿಗೆ ಜಾತಿ ತಿಳಿಯಲೇಬೇಕು. ಹೆಣ್ಣಿನ ವಾಸನೆ ಹಾಕಿ ಗಂಡನ್ನು ಸೆಳೆಯುವ ಬಲೆಗಳು ಬಂದಿವೆಯಲ್ಲ, ಗರಗಸ ಮೀಸೆಯದರ ವಾಸನೆಯ ಬಲೆಗೆ ಗೆರೆ ಬೆನ್ನಿನದು ಬರುವುದಿಲ್ಲ. ಗುರುತು ತಪ್ಪಿದರೆ ಬಲೆ ಖಾಲಿ, ಚೀಲ ತೂತು. ಬಲೆ ಖಾಲಿ ಇದೆ ಅಂತ ನೆಮ್ಮದಿಯಿಂದ ಕೂತರೆ ಇನ್ನೂ ಕೆಟ್ಟಿತು, ಹೌದಲ್ರಿ?

ಗುರುತಿನ ಜೊತೆಗೆ ಹುಳು ಸಿಕ್ಕ ಊರನ್ನೂ ಬರೆದಿಡಬೇಕು. ಬ್ರಿಟಿಷರ ಕಾಲದ ಫಾನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯ ದುಂಬಿ ಸಂಪುಟಗಳಲ್ಲಿ ನಮ್ಮ ಬೆಳಗಾವಿಯ ಹೆಸರು ಸಿಗುತ್ತದೆ. ಯಾರೋ ಅಂದು ಹುಳು ಹಿಡಿದು, ಪಕ್ಕದಲ್ಲಿ ಊರಿನ ಹೆಸರು ಬರೆದಿಟ್ಟರು, ಅದಕ್ಕೇ ಸಿಗುತ್ತದೆ. ಚೀಟಿಯಿಲ್ಲದ ಹುಳು ಪಂಡಿತರ ಕೈಗೆ ಹೋದರೂ ಅರ್ಧ ಮಾತೇ ಹೇಳೀತು.

ಹಾಗಾಗಿ ಈ ಮಳೆಗಾಲದಲ್ಲಿ ಕೋಳಿಗೆ ಚೆಲ್ಲುವ ಮೊದಲು ನಾಲ್ಕು ಹುಳು ಒಂದು ಸಣ್ಣ ಬಾಟಲಿಗೆ ಹಾಕಿಡಿ. ಊರು, ತಾರೀಖು, ಯಾವುದರಲ್ಲಿ ಸಿಕ್ಕಿತು, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನೂ ಒಳಗೆ ಹಾಕಿ. ಪೆನ್ನಿನ ಮಸಿ ಹರಡುತ್ತದೆ. ಅರಭಾವಿಯ ತೋಟಗಾರಿಕೆ ಕಾಲೇಜು ದೂರವಿಲ್ಲ, ಕೀಟಶಾಸ್ತ್ರ ಬಲ್ಲವರು ಅಲ್ಲಿದ್ದಾರೆ. ಅತ್ತ ಹೋಗುವವರ ಕೈಯಲ್ಲಿ ಕಳಿಸಿಕೊಟ್ಟರೂ ಆದೀತು.